ಬ್ಯಾಟರಿಗೆ ದೋಣಿಯಲ್ಲಿ ಜಾಗ ಎಲ್ಲಿ?

"ಸರ್, ಬ್ಯಾಟರಿ ಎಲ್ಲಿಡುವುದು?"

ಒಂದು ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ನಿಂತು ಹೀಗೆ ಕೇಳಿದವನು ನನ್ನ ಹಳೆಯ ವಿದ್ಯಾರ್ಥಿ. ಹತ್ತನೆಯ ತರಗತಿ ಮುಗಿಸಿ ಹದಿನೈದು ವರ್ಷವಾಗಿದೆ. ಗಂಗೊಳ್ಳಿ ಕಡೆಯವನು, ತಂದೆಯ ಜೊತೆ ನಾಡದೋಣಿಯಲ್ಲಿ ಮೀನಿಗೆ ಹೋಗುತ್ತಾನೆ. ಹಳೆಯ ದೋಣಿ ಕೊಟ್ಟು ಹೊಸದೊಂದು ಫೈಬರ್ ದೋಣಿ ಕಟ್ಟಿಸುತ್ತಿದ್ದ. ಕೈಯಲ್ಲಿ ಅದರ ನಕ್ಷೆ ಇತ್ತು.

ಮೂವತ್ತು ವರ್ಷ ಮಕ್ಕಳಿಗೆ ಬ್ಯಾಟರಿಯ ಪಾಠ ಮಾಡಿದವನು ನಾನು. ಸತುವಿನ ತಗಡು, ತಾಮ್ರದ ತಗಡು, ಸೀಸದ ಫಲಕ, ಗಂಧಕಾಮ್ಲ ಎಲ್ಲವನ್ನೂ ಕಪ್ಪು ಹಲಗೆಯ ಮೇಲೆ ಬಿಡಿಸಿದ್ದೇನೆ. ಆದರೆ ಅದನ್ನು ಎಲ್ಲಿ ಇಡಬೇಕು ಎಂದು ಯಾವ ಮಗುವೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. "ಇದೇನು ದೊಡ್ಡ ಪ್ರಶ್ನೆ, ಒಂದು ಮೂಲೆಯಲ್ಲಿಟ್ಟರಾಯಿತು" ಎಂದು ನಕ್ಕೆ. ಅವನು ನಗಲಿಲ್ಲ. ಹಿಂದಿನ ಮಳೆಗಾಲದ ಒಂದು ರಾತ್ರಿಯ ಕಥೆ ಹೇಳಿದ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. 10 ಅಶ್ವಶಕ್ತಿಯೊಳಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಅಂದರೆ ಕಡಲು ಅತ್ಯಂತ ಒರಟಾಗಿರುವ ದಿನಗಳಲ್ಲೇ ಅತ್ಯಂತ ಸಣ್ಣ ದೋಣಿಗಳು ಅದರ ಮೇಲಿರುತ್ತವೆ. ಅಂಥ ಒಂದು ದಿನ ಕತ್ತಲಾದ ಮೇಲೆ ಐದು ಜನ ಮರಳಿ ಬರುತ್ತಿದ್ದರು. ಅಳಿವೆಯ ಬಾಗಿಲಲ್ಲಿ ಮರಳದಿಣ್ಣೆಯ ಮೇಲೆ ತೆರೆ ಮುರಿಯುತ್ತಿತ್ತು. ಹಿಂದಿನಿಂದ ಬಂದ ಒಂದು ತೆರೆ ದೋಣಿಯೊಳಗೆ ಸುರಿಯಿತು. ಎಂಜಿನ್ ನಿಂತಿತು. ಪರವಾಗಿಲ್ಲ, ನೀರೆತ್ತುವ ಸಣ್ಣ ಪಂಪಿದೆ ಎಂದುಕೊಂಡು ಗುಂಡಿ ಒತ್ತಿದರು. ಪಂಪು ಒಂದು ನಿಮಿಷ ಓಡಿ ನಿಂತಿತು. ದೀಪವೂ ಆರಿತು. ಹಿಂದೆ ಬರುತ್ತಿದ್ದ ಇನ್ನೊಂದು ದೋಣಿಗೆ ಇವರು ಕಾಣಿಸಲೇ ಇಲ್ಲ. ಅದು ಮೈಮೇಲೆ ಬರುವಷ್ಟರಲ್ಲಿ ಒಬ್ಬ ಮೊಬೈಲ್ ಫೋನಿನ ಬೆಳಕನ್ನು ಬೀಸಿ ಕೂಗಿದ. ಅಷ್ಟರಿಂದ ಐದು ಜೀವ ಉಳಿಯಿತು.

"ಬ್ಯಾಟರಿ ಎಲ್ಲಿತ್ತು?" ಎಂದು ಕೇಳಿದೆ.

"ಎಂಜಿನ್ ಬುಡದಲ್ಲಿ ಸರ್, ಕೆಳಗೆ. ಎಲ್ಲರೂ ಅಲ್ಲೇ ಇಡುವುದು."

ನನಗೆ ನಗು ನಿಂತಿತು. ಮುಂದಿನ ಭಾನುವಾರ ಅಳತೆಪಟ್ಟಿ, ಶಾಲೆಯ ಸ್ಪ್ರಿಂಗ್ ತಕ್ಕಡಿ ಮತ್ತು ಒಂದು ನೋಟುಪುಸ್ತಕ ಹಿಡಿದು ಗಂಗೊಳ್ಳಿಯ ಬಸ್ಸು ಹತ್ತಿದೆ.

ಎಂಜಿನ್ ಬುಡವೇ ಏಕೆ?

ದೋಣಿಯ ಹತ್ತಿರ ಆಗಲೇ ಮೂರು ಅಭಿಪ್ರಾಯಗಳು ಸಿದ್ಧವಾಗಿದ್ದವು. ಹುಡುಗನ ತಂದೆ ಎಂಜಿನ್ ಹತ್ತಿರ ಎಂದರು. ದೋಣಿ ಕಟ್ಟುವವರು ತೂಕ ಸರಿದೂಗಲು ಮೂತಿಯ ಕಡೆ ಎಂದರು. ವೈರಿಂಗ್ ಮಾಡುವವನು ನೀರು ತಾಗದಂತೆ ಆದಷ್ಟು ಎತ್ತರದಲ್ಲಿ ಎಂದ. ಮೂವರ ಮಾತಿನಲ್ಲೂ ಸತ್ಯವಿತ್ತು.

ಮೊದಲು ತಂದೆಯವರ ಮಾತನ್ನೇ ನೋಡೋಣ. ಎಂಜಿನ್ ಪಕ್ಕದಲ್ಲಿ ಬ್ಯಾಟರಿ ಇಡುವ ಕ್ರಮ ದೊಡ್ಡ ದೋಣಿಗಳದ್ದು. ಅಲ್ಲಿ ಡೀಸೆಲ್ ಎಂಜಿನನ್ನು ಚಾಲೂ ಮಾಡಲು ಸ್ಟಾರ್ಟರ್ ಮೋಟಾರು ಇರುತ್ತದೆ. ಅದು ಕೆಲವೇ ಕ್ಷಣ ತಿರುಗಿದರೂ ಆ ಕ್ಷಣಗಳಲ್ಲಿ 150 ಆಂಪಿಯರಿನಷ್ಟು ಪ್ರವಾಹವನ್ನು ಎಳೆಯಬಲ್ಲದು. ಪ್ರವಾಹ ದೊಡ್ಡದಾದಾಗ ತಂತಿಯ ಅಲ್ಪ ರೋಧವೂ ಭಾರಿಯಾಗುತ್ತದೆ. 16 ಚದರ ಮಿಲಿಮೀಟರ್ ದಪ್ಪದ ತಾಮ್ರದ ಕೇಬಲ್ಲು ತೆಗೆದುಕೊಳ್ಳಿ. ಬ್ಯಾಟರಿ 6 ಮೀಟರ್ ದೂರದಲ್ಲಿದ್ದರೆ ಹೋಗಿ ಬರುವ ದಾರಿ 12 ಮೀಟರು. ರೋಧ ಸುಮಾರು 0.013 ಓಮ್. ಇದನ್ನು 150ರಿಂದ ಗುಣಿಸಿದರೆ ಹತ್ತಿರ ಹತ್ತಿರ 2 ವೋಲ್ಟ್. ಹನ್ನೆರಡರಲ್ಲಿ ಎರಡು ವೋಲ್ಟ್ ದಾರಿಯಲ್ಲೇ ಸೋರಿ ಹೋಯಿತು! ಅದೇ ಬ್ಯಾಟರಿ ಒಂದೂವರೆ ಮೀಟರ್ ದೂರದಲ್ಲಿದ್ದರೆ ನಷ್ಟ ಅರ್ಧ ವೋಲ್ಟ್ ಮಾತ್ರ. ಆದ್ದರಿಂದ ಸ್ಟಾರ್ಟರ್ ಇರುವ ದೋಣಿಯಲ್ಲಿ ಬ್ಯಾಟರಿ ಎಂಜಿನ್ ಸಮೀಪ ಇರಲೇಬೇಕು.

ಈಗ ನಾನು ಹುಡುಗನನ್ನು ಕೇಳಿದೆ: "ನಿನ್ನ ಎಂಜಿನ್‌ಗೆ ಸ್ಟಾರ್ಟರ್ ಇದೆಯೇ?"

"ಇಲ್ಲ ಸರ್, ಹಗ್ಗ ಎಳೆಯುವುದು."

ಹಗ್ಗ ಎಳೆದು ಚಾಲೂ ಮಾಡುವ ಎಂಜಿನ್‌ಗೂ ಬ್ಯಾಟರಿಗೂ ಸಂಬಂಧವೇ ಇಲ್ಲ. ಅವನ ಬ್ಯಾಟರಿಯ ಕೆಲಸ ನಾಲ್ಕು ಮಾತ್ರ: ದೀಪ, ಜಿ.ಪಿ.ಎಸ್., ವಯರ್‌ಲೆಸ್, ನೀರೆತ್ತುವ ಪಂಪು. ಇವುಗಳಲ್ಲಿ ಹೆಚ್ಚು ಹಸಿವಿನದು ಪಂಪು. ಅದೂ ಸುಮಾರು 4 ಆಂಪಿಯರ್. ಎರಡೂವರೆ ಚದರ ಮಿಲಿಮೀಟರಿನ ಸಾಧಾರಣ ತಂತಿಯಲ್ಲಿ ಮೂರು ಮೀಟರ್ ದೂರಕ್ಕೆ ಕೊಟ್ಟರೂ ನಷ್ಟ ಒಂದು ವೋಲ್ಟಿನ ಆರನೆಯ ಒಂದು ಪಾಲು. ಲೆಕ್ಕಕ್ಕೇ ಇಲ್ಲ.

ದೊಡ್ಡ ದೋಣಿಯಲ್ಲಿ ಅದಕ್ಕೊಂದು ಕಾರಣವಿತ್ತು. ಸಣ್ಣ ದೋಣಿಗೆ ಬರುವಾಗ ಕಾರಣ ಅಲ್ಲೇ ಉಳಿದು ಪದ್ಧತಿ ಮಾತ್ರ ಜೊತೆಗೆ ಬಂತು. ನಮ್ಮ ಮನೆಗಳಲ್ಲೂ ಇಂಥವು ಎಷ್ಟಿಲ್ಲ!

ತೂಕದ ಮಾತು

ಅವರ ಬ್ಯಾಟರಿ 80 ಆಂಪಿಯರ್ ಗಂಟೆಯದು. ತಕ್ಕಡಿಗೆ ತೂಗುಹಾಕಿದೆವು: 25 ಕಿಲೋ. ಒಂದು ಅಕ್ಕಿ ಚೀಲದಷ್ಟು ತೂಕ, ಒಂದು ಸಣ್ಣ ಪೆಟ್ಟಿಗೆಯೊಳಗೆ. ಸೀಸದ ಸಾಂದ್ರತೆ ನೀರಿನ ಹನ್ನೊಂದು ಪಟ್ಟಿಗಿಂತ ಹೆಚ್ಚಲ್ಲವೇ!

ದೋಣಿ ಒಂದು ತಕ್ಕಡಿಯ ದಂಡಿಗೆಯಂತೆ. ನಡುವಿನಲ್ಲಿಟ್ಟ ತೂಕ ಅದನ್ನು ಸಮವಾಗಿ ತಗ್ಗಿಸುತ್ತದೆ. ತುದಿಯಲ್ಲಿಟ್ಟ ತೂಕ ಆ ತುದಿಯನ್ನು ಮುಳುಗಿಸಿ ಇನ್ನೊಂದು ತುದಿಯನ್ನು ಎತ್ತುತ್ತದೆ. ದೋಣಿಯ ಉದ್ದ 8 ಮೀಟರು. ಹಿಂಬದಿಯಲ್ಲಿ ಈಗಾಗಲೇ 40 ಕಿಲೋದ ಎಂಜಿನ್, ಅದನ್ನು ಹಿಡಿದು ಕೂತವನು, ಎಣ್ಣೆಯ ಕ್ಯಾನು ಎಲ್ಲ ಸೇರಿ 130 ಕಿಲೋ ಆಗುತ್ತದೆ. ಅದರ ಮೇಲೆ ಬ್ಯಾಟರಿ. ನಡುವಿನಿಂದ 4 ಮೀಟರ್ ಹಿಂದಿಟ್ಟ 25 ಕಿಲೋ ಎಷ್ಟು ಬಲವಾಗಿ ಹಿಂಬದಿಯನ್ನು ತಗ್ಗಿಸುತ್ತದೋ, ಅರ್ಧ ಮೀಟರ್ ಹಿಂದಿಟ್ಟರೆ ಅದರ ಎಂಟನೆಯ ಒಂದು ಪಾಲು ಮಾತ್ರ ತಗ್ಗಿಸುತ್ತದೆ.

ಹಾಗಾದರೆ ಮೂತಿಯಲ್ಲಿಟ್ಟು ಸರಿದೂಗಿಸಬಾರದೇ? ಇಲ್ಲಿ ಬಸ್ಸಿನ ಹಿಂದಿನ ಸೀಟನ್ನು ನೆನಪಿಸಿಕೊಳ್ಳಿ. ಗುಂಡಿ ಬಂದಾಗ ಎರಡು ಚಕ್ರಗಳ ನಡುವೆ ಕೂತವರು ಸ್ವಲ್ಪ ಅಲುಗುತ್ತಾರೆ. ಕೊನೆಯ ಸೀಟಿನವರ ತಲೆ ಚಾವಣಿಗೆ ತಾಗುತ್ತದೆ. ತೆರೆಯ ಮೇಲೆ ದೋಣಿಯ ಮೂತಿಯದೂ ಇದೇ ಪಾಡು. ಎದ್ದು ಎದ್ದು ಬೀಳುವ ಜಾಗವದು. ಸೀಸದ ಫಲಕಗಳಿಗೆ ಮೆತ್ತಿದ ರಾಸಾಯನಿಕ ಕುಲುಕಾಟಕ್ಕೆ ಉದುರಿ ತಳದಲ್ಲಿ ಕೂರುತ್ತದೆ. ಹೆಚ್ಚು ಉದುರಿದರೆ ಎರಡು ಫಲಕಗಳ ನಡುವೆ ಸೇತುವೆಯಾಗಿ ಆ ಕೋಶವೇ ಸತ್ತುಹೋಗುತ್ತದೆ. ಮೂತಿಯಲ್ಲಿಟ್ಟ ಬ್ಯಾಟರಿ ಬೇಗ ಕೆಡುವುದು ಇದರಿಂದ.

ಅಡ್ಡಡ್ಡ ಲೆಕ್ಕವೂ ಇದೆ. ಬ್ಯಾಟರಿಯನ್ನು ನಡುಗೆರೆಯಿಂದ 70 ಸೆಂಟಿಮೀಟರ್ ಪಕ್ಕಕ್ಕೆ ಇಟ್ಟರೆ ಅದನ್ನು ಸರಿದೂಗಿಸಲು 60 ಕಿಲೋದ ಒಬ್ಬ ಮನುಷ್ಯ ದಿನವಿಡೀ ಇನ್ನೊಂದು ಪಕ್ಕಕ್ಕೆ ಒಂದಡಿ ಸರಿದೇ ಕೂರಬೇಕು. ಬ್ಯಾಟರಿ ನಡುಗೆರೆಯ ಮೇಲಿದ್ದರೆ ಈ ತಾಪತ್ರಯ ಇಲ್ಲ.

ನೋಟುಪುಸ್ತಕದಲ್ಲಿ ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆದು ಅವು ಕೂಡುವಲ್ಲಿ, ದೋಣಿಯ ನಟ್ಟನಡುವೆ, ಒಂದು ಚುಕ್ಕಿ ಇಟ್ಟೆ. "ಇಲ್ಲಿ" ಎಂದೆ. ಹುಡುಗನ ತಂದೆ ಇಣುಕಿ ನೋಡಿದರು.

"ಅಲ್ಲ್ ಬಲಿ ಬೀಳ್ತ್ ಮಾಷ್ಟ್ರೆ."

ಅಲ್ಲಿ ಬಲೆ ಬೀಳುತ್ತದೆ! ಬ್ಯಾಟರಿಯ ಹತ್ತು ಪಟ್ಟು ತೂಕದ ಒದ್ದೆ ಬಲೆಯನ್ನು ಎಳೆದು ರಾಶಿ ಹಾಕುವುದು ಅಲ್ಲಿಯೇ. ಬ್ಯಾಟರಿ ಅದರ ಅಡಿಯಲ್ಲಿ ಹೂತುಹೋದರೆ ಬೇಕಾದಾಗ ಕೈಗೆ ಸಿಗದು. ಬಲೆಯ ಎಳೆ ತಂತಿಗೆ ಸಿಕ್ಕಿ ಎಳೆದರೆ ತಂತಿಯೇ ಕಿತ್ತು ಬರುತ್ತದೆ. ನನ್ನ ಎರಡು ಗೆರೆಗಳಿಗೆ ಇದು ತಿಳಿದಿರಲಿಲ್ಲ. ಚುಕ್ಕಿಯನ್ನು ಅಳಿಸಿ ಒಂದು ಮೀಟರ್ ಹಿಂದಕ್ಕೆ, ಬಲೆಯ ಜಾಗ ಮುಗಿದು ಅಡ್ಡಹಲಗೆ ಬರುವಲ್ಲಿಗೆ, ಸರಿಸಿದೆ. ತೂಕದ ಲೆಕ್ಕದಲ್ಲಿ ಇದರಿಂದ ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ.

ಎಷ್ಟು ಎತ್ತರ?

ಇದೇ ನಿಜವಾದ ತೊಡಕಿನ ಪ್ರಶ್ನೆ. ಭಾರವಾದದ್ದು ತಳದಲ್ಲಿರಬೇಕು ಎಂಬುದು ಎಲ್ಲರಿಗೂ ತಿಳಿದ ಮಾತು. ನಾನೂ ಹಾಗೆಯೇ ಪಾಠ ಮಾಡಿದ್ದೇನೆ. ಗುರುತ್ವಕೇಂದ್ರ ಕೆಳಗಿದ್ದಷ್ಟೂ ದೋಣಿ ಮಗುಚುವುದಿಲ್ಲ. ಆದರೆ ನೀರು ಬರುವುದೂ ತಳಕ್ಕೇ.

ಊಟದ ತಟ್ಟೆಗೆ ಸ್ವಲ್ಪ ಸಾರು ಬಡಿಸಿಕೊಂಡು ಒಂದು ಬದಿಯನ್ನು ತುಸು ಎತ್ತಿ ನೋಡಿ. ತೆಳ್ಳಗೆ ಹರಡಿದ್ದ ಸಾರು ಒಂದೇ ಅಂಚಿನಲ್ಲಿ ಆಳವಾಗಿ ನಿಲ್ಲುತ್ತದೆ. ದೋಣಿಯ ತಳವನ್ನು 7 ಮೀಟರ್ ಉದ್ದ, 1.4 ಮೀಟರ್ ಅಗಲದ ಚಪ್ಪಟೆ ತಟ್ಟೆ ಎಂದುಕೊಳ್ಳೋಣ. ಒಂದು ತೆರೆ 200 ಲೀಟರ್ ನೀರು ಸುರಿಯಿತು. ಸಮವಾಗಿ ಹರಡಿದರೆ ಅದರ ಆಳ 2 ಸೆಂಟಿಮೀಟರ್ ಮಾತ್ರ, ಪಾದವೂ ಮುಳುಗದು. ಹಿಂಬದಿ 5 ಡಿಗ್ರಿ ತಗ್ಗಿತೆನ್ನಿ. ಅಷ್ಟೂ ನೀರು ಹಿಂದಕ್ಕೆ ಓಡಿ ಎಂಜಿನ್ ಬುಡದಲ್ಲಿ 16 ಸೆಂಟಿಮೀಟರ್ ಆಳವಾಗುತ್ತದೆ. ಅಲ್ಲಿ ಹೊಯ್ದಾಡುವ ನೀರು ಬ್ಯಾಟರಿಯ ನೆತ್ತಿಯನ್ನು ಸುಲಭವಾಗಿ ತೊಯಿಸುತ್ತದೆ. ಎಂಜಿನಿನ ತೂಕಕ್ಕೆ ಹಿಂಬದಿ ಮೊದಲೇ ತಗ್ಗು. ಬ್ಯಾಟರಿ ಅದನ್ನು ಇನ್ನಷ್ಟು ತಗ್ಗಿಸುತ್ತದೆ. ತಗ್ಗಿದಲ್ಲಿಗೆ ನೀರು ಬರುತ್ತದೆ. ಬಂದ ನೀರು ಬ್ಯಾಟರಿಯನ್ನೇ ಮುಳುಗಿಸುತ್ತದೆ. ಆ ರಾತ್ರಿ ನಡೆದದ್ದು ಇಷ್ಟೇ.

ಮುಳುಗಿದರೆ ಏನಾಗುತ್ತದೆ? ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣವಿದೆ. ಅದು ವಿದ್ಯುತ್ತಿಗೆ ಒಳ್ಳೆಯ ದಾರಿ. ಬ್ಯಾಟರಿಯ ಎರಡು ಧ್ರುವಗಳ ನಡುವೆ ನೀರಿನ ಮೂಲಕವೇ ಪ್ರವಾಹ ಹರಿಯತೊಡಗುತ್ತದೆ. ತಂತಿಯ ಜೋಡಣೆಗಳು ಕರಗುತ್ತವೆ: ಧನ ತುದಿಯ ತಾಮ್ರದಿಂದ ಸೋರುವ ಒಂದು ಆಂಪಿಯರ್ ಒಂದು ಗಂಟೆಯಲ್ಲಿ ಒಂದು ಗ್ರಾಮಿಗಿಂತ ಹೆಚ್ಚು ತಾಮ್ರವನ್ನು ತಿನ್ನಬಲ್ಲದು. ಮೊದಲು ಸಾಯುವುದು ಸಣ್ಣ ಎಳೆಯ ತಂತಿಗಳು, ಗುಂಡಿಗಳು, ಫ್ಯೂಸಿನ ಹಿಡಿಕೆಗಳು. ಬ್ಯಾಟರಿಯೊಳಗೆ ಇನ್ನೂ ಶಕ್ತಿಯಿದ್ದರೂ ಅದು ಪಂಪಿಗೆ ತಲಪುವುದಿಲ್ಲ.

ಮುಚ್ಚಳದ ರಂಧ್ರಗಳಿಂದ ಕಡಲ ನೀರು ಒಳಕ್ಕೇ ಹೋದರೆ ಇನ್ನೊಂದು ಅಪಾಯ. ಉಪ್ಪಿನಲ್ಲಿರುವ ಕ್ಲೋರೈಡು ಆಮ್ಲದೊಳಗೆ ಧನ ಫಲಕವನ್ನು ಮುಟ್ಟಿ ಕ್ಲೋರಿನ್ ಅನಿಲವಾಗಿ ಹೊರಬರುತ್ತದೆ. ಎರಡು ಮಹಾಯುದ್ಧಗಳ ಕಾಲದ ಜಲಾಂತರ್ಗಾಮಿ ನಾವಿಕರಿಗೆ ಇದು ಬಲು ದೊಡ್ಡ ಭಯವಾಗಿತ್ತು. ನೀರಿನಡಿಯಲ್ಲಿ ಅವರ ಹಡಗು ಓಡುತ್ತಿದ್ದದ್ದೇ ಟನ್ನುಗಟ್ಟಲೆ ಸೀಸದ ಬ್ಯಾಟರಿಗಳಿಂದ. ತೆರೆದ ದೋಣಿಯಲ್ಲಿ ಗಾಳಿ ಅದನ್ನು ಚದುರಿಸೀತು. ಕೋಣೆಯಿರುವ ದೋಣಿಯಲ್ಲಿ, ಬ್ಯಾಟರಿಯ ಪಕ್ಕ ಮಲಗುವವರು ಮಾತ್ರ ಇದನ್ನು ಮರೆಯಬಾರದು.

ಸರಿ, ಬ್ಯಾಟರಿಯನ್ನು ತಳದಿಂದ ಒಂದಡಿ, ಅಂದರೆ 30 ಸೆಂಟಿಮೀಟರ್ ಎತ್ತೋಣ. ದೋಣಿಯ ಸ್ಥಿರತೆಗೆ ಎಷ್ಟು ನಷ್ಟ? ದೋಣಿ, ಜನ, ಬಲೆ, ಎಣ್ಣೆ ಎಲ್ಲ ಸೇರಿ 1,200 ಕಿಲೋ ಎಂದಿಟ್ಟುಕೊಂಡರೆ, 25 ಕಿಲೋವನ್ನು 30 ಸೆಂಟಿಮೀಟರ್ ಎತ್ತಿದಾಗ ಒಟ್ಟು ಗುರುತ್ವಕೇಂದ್ರ ಏರುವುದು 6 ಮಿಲಿಮೀಟರ್ ಚಿಲ್ಲರೆ. ಕೂತಿದ್ದ 60 ಕಿಲೋದ ಒಬ್ಬ ಮನುಷ್ಯ ಎದ್ದು ನಿಂತರೆ ಅವನ ದೇಹದ ತೂಕ ಸುಮಾರು ಅರ್ಧ ಮೀಟರ್ ಮೇಲಕ್ಕೆ ಹೋಗುತ್ತದೆ. ಆಗ ಗುರುತ್ವಕೇಂದ್ರ ಏರುವುದು 25 ಮಿಲಿಮೀಟರ್. ಒಬ್ಬ ಎದ್ದು ನಿಲ್ಲುವುದರ ಕಾಲುಭಾಗದಷ್ಟು ಬೆಲೆ ತೆತ್ತು ನಾವು ಪಂಪನ್ನೂ ದೀಪವನ್ನೂ ಉಳಿಸಿಕೊಳ್ಳುತ್ತೇವೆ. ಇದಕ್ಕಿಂತ ಅಗ್ಗದ ವ್ಯಾಪಾರ ಕಡಲ ಮೇಲೆ ಸಿಗದು.

ಪಂಪಿನ ಬೆಲೆ ಎಷ್ಟೆಂದು ತಿಳಿಯಬೇಕೇ? ನೀರಿನ ಮಟ್ಟದಿಂದ ಒಂದಡಿ ಕೆಳಗೆ ಬೆರಳು ತೂರುವಷ್ಟು, 2 ಸೆಂಟಿಮೀಟರಿನ, ಒಂದು ರಂಧ್ರವಾದರೆ ನಿಮಿಷಕ್ಕೆ ಸುಮಾರು 27 ಲೀಟರ್ ನೀರು ಒಳನುಗ್ಗುತ್ತದೆ. ಒಬ್ಬ ಮನುಷ್ಯ ಬಕೆಟಿನಲ್ಲಿ ಇದನ್ನು ಮೊಗೆದು ಹಾಕಬಲ್ಲ. ಆದರೆ ಎಷ್ಟು ಹೊತ್ತು? ಆ ಹೊತ್ತಿನಲ್ಲಿ ರಂಧ್ರ ಮುಚ್ಚುವವರು ಯಾರು, ದೋಣಿ ನಡೆಸುವವರು ಯಾರು? ಪಂಪು, ದೀಪ, ವಯರ್‌ಲೆಸ್ ಮೂರೂ ಸೇರಿ 6 ಆಂಪಿಯರ್ ಎಳೆದರೂ ಚೆನ್ನಾಗಿ ಚಾರ್ಜಾದ ಈ ಬ್ಯಾಟರಿ ಅರ್ಧ ಖಾಲಿಯಾಗಲು ಆರು ಗಂಟೆಗಿಂತ ಹೆಚ್ಚು ಬೇಕು. ಆರು ಗಂಟೆಯಲ್ಲಿ ಯಾರಾದರೂ ಬಂದೇ ಬರುತ್ತಾರೆ.

ಮೇಲೇರುವ ಗಾಳಿ, ಕೆಳಗಿಳಿಯುವ ಆವಿ

ಎಂಜಿನ್ ಬುಡ ಬೇಡವೆನ್ನಲು ಇನ್ನೂ ಒಂದು ಕಾರಣವಿದೆ. ಸೀಮೆಎಣ್ಣೆಯ ಎಂಜಿನ್ನನ್ನು ಮೊದಲು ಪೆಟ್ರೋಲಿನಿಂದ ಚಾಲೂ ಮಾಡುತ್ತಾರೆ. ಆದ್ದರಿಂದ ಪೆಟ್ರೋಲಿನ ಕ್ಯಾನು ಅಲ್ಲೇ ಇರುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೀರಿನಂತೆ ಇಳಿದು ದೋಣಿಯ ತಳದಲ್ಲಿ ತುಂಬಿಕೊಳ್ಳುತ್ತದೆ. ಸಡಿಲವಾದ ಬ್ಯಾಟರಿ ತುದಿಯ ಒಂದು ಕಿಡಿ ಅದಕ್ಕೆ ಸಾಕು.

ಬ್ಯಾಟರಿಯೂ ತನ್ನದೇ ಅನಿಲವನ್ನು ಬಿಡುತ್ತದೆ. ಚಾರ್ಜು ಪೂರ್ತಿಯಾಗುತ್ತ ಬಂದಂತೆ ಒಳಗಿನ ನೀರು ಒಡೆದು ಜಲಜನಕ, ಆಮ್ಲಜನಕಗಳಾಗುತ್ತದೆ. ಜಲಜನಕ ಗಾಳಿಗಿಂತ ಹದಿನಾಲ್ಕು ಪಟ್ಟು ಹಗುರ, ಮೇಲೇರುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಭಾಗ ಸೇರಿದರೆ ಹೊತ್ತಿಕೊಳ್ಳುತ್ತದೆ. ಪೂರ್ತಿ ಚಾರ್ಜಾದ 12 ವೋಲ್ಟಿನ ಬ್ಯಾಟರಿಗೆ ಒಂದು ಆಂಪಿಯರನ್ನು ಒಂದು ಗಂಟೆ ಹೆಚ್ಚು ತುಂಬಿದರೆ ಆರು ಕೋಶಗಳಿಂದ ಎರಡೂವರೆ ಲೀಟರಿನಷ್ಟು ಜಲಜನಕ ಬರುತ್ತದೆ. 60 ಲೀಟರಿನ ಒಂದು ಬಿಗಿಮುಚ್ಚಿದ ಪೆಟ್ಟಿಗೆಯಲ್ಲಿ ಇದು ಸರಿಯಾಗಿ ನೂರಕ್ಕೆ ನಾಲ್ಕು! ಹುಡುಗ ಹೊಸ ದೋಣಿಗೆ ಸೌರಫಲಕ ಹಾಕಿಸುವವನಿದ್ದ. ನೀರು ತಾಗಬಾರದೆಂದು ಪೆಟ್ಟಿಗೆಯನ್ನು ಮೇಣ ಹಚ್ಚಿ ಮುಚ್ಚುವ ಯೋಚನೆಯಲ್ಲಿದ್ದ. ಅದನ್ನು ಬಿಡಿಸಿದೆ. ಪೆಟ್ಟಿಗೆಯ ಮೇಲ್ಭಾಗದ ಎರಡು ಬದಿಗೆ ರಂಧ್ರ ಬೇಕು. ಮಳೆ, ತುಂತುರು ಬೀಳದಂತೆ ಅವುಗಳಿಗೆ ಕೆಳಮುಖವಾಗಿ ಬಾಗಿದ ಕೊಳವೆ ಸಿಕ್ಕಿಸಬೇಕು. ಸೌರಫಲಕಕ್ಕೂ ಬ್ಯಾಟರಿಗೂ ನಡುವೆ ಚಾರ್ಜು ನಿಯಂತ್ರಕವೂ ಇರಲೇಬೇಕು.

ಬ್ಯಾಟರಿಯನ್ನು ಹೊತ್ತು ತಂದು ಮನೆಯಲ್ಲಿ ಚಾರ್ಜು ಮಾಡುವವರಿಗೂ ಒಂದು ಮಾತು. ದೋಣಿಯಲ್ಲಿ ಕಡಲ ಗಾಳಿಯಾದರೂ ಇದೆ. ಮನೆಯಲ್ಲಿ ಅಡುಗೆ ಒಲೆಯ ಹತ್ತಿರ, ದೇವರ ದೀಪದ ಕೆಳಗೆ, ಮಕ್ಕಳು ಮಲಗುವ ಮುಚ್ಚಿದ ಕೋಣೆಯಲ್ಲಿ ಚಾರ್ಜು ಹಾಕಬೇಡಿ. ಜಗಲಿಯೇ ಅದಕ್ಕೆ ತಕ್ಕ ಜಾಗ.

ಕಟ್ಟಿದ ಬ್ಯಾಟರಿಯೇ ಬ್ಯಾಟರಿ

ಜಾಗ ಸಿಕ್ಕರೆ ಸಾಲದು, ಅದು ಆ ಜಾಗದಲ್ಲೇ ಉಳಿಯಬೇಕು. ಬ್ಯಾಟರಿಯನ್ನು ಎಷ್ಟೇ ಜಗ್ಗಿದರೂ ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು ಎಂಬುದು ಅಮೆರಿಕದ ದೋಣಿ ತಯಾರಕರು ಪಾಲಿಸುವ ಮಾನದಂಡ. ನಮಗೂ ಅದು ಒಪ್ಪುವಂಥದ್ದೇ. ಕಟ್ಟದ 25 ಕಿಲೋ ತೆರೆಯ ಹೊಡೆತಕ್ಕೆ ಹಾರಿದರೆ ಕಾಲು ಮುರಿಯಬಹುದು, ಮಗುಚಿದರೆ ಆಮ್ಲ ಚೆಲ್ಲುತ್ತದೆ. ಕಬ್ಬಿಣದ ಸರಪಳಿ, ತಂತಿ ಬೇಡ. ಅವು ಎರಡು ಧ್ರುವಗಳಿಗೆ ಒಟ್ಟಿಗೆ ತಾಗಿದರೆ ಕೆಂಪಗೆ ಕಾಯುತ್ತವೆ. ನೈಲಾನ್ ಪಟ್ಟಿ ಸಾಕು.

ಧನ ತುದಿಯಿಂದ ಒಂದು ಗೇಣಿನೊಳಗೆ ಒಂದು ಫ್ಯೂಸು ಇರಲಿ. ಫ್ಯೂಸಿಗೂ ಬ್ಯಾಟರಿಗೂ ನಡುವಿನ ತಂತಿಗೆ ಕಾವಲಿಲ್ಲ. ಆದ್ದರಿಂದ ಅದು ಚಿಕ್ಕದಾದಷ್ಟೂ ಒಳ್ಳೆಯದು. ಪೆಟ್ಟಿಗೆಯೊಳಗೆ ಆಮ್ಲಕ್ಕೆ ಜಗ್ಗದ ಪ್ಲಾಸ್ಟಿಕ್ ತಟ್ಟೆ, ತುದಿಗಳಿಗೆ ವ್ಯಾಸಲೀನ್. ಚೆಲ್ಲಿದ ಆಮ್ಲಕ್ಕೆ ಅಡುಗೆ ಸೋಡವನ್ನು ನೀರಿನಲ್ಲಿ ಕಲಸಿ ಹಾಕಿ. ಬುರುಗು ನಿಂತರೆ ಆಮ್ಲ ತಣಿದಂತೆ. ಆದರೆ ಸೋಡ ಬ್ಯಾಟರಿಯ ಒಳಗೆ ಹೋಗಬಾರದು.

ಈಗ ಲಿಥಿಯಂ ಕಬ್ಬಿಣ ಫಾಸ್ಫೇಟಿನ ಬ್ಯಾಟರಿಗಳೂ ಸಿಗುತ್ತವೆ. ಸೀಸದ್ದಕ್ಕಿಂತ ಅವು ಅರ್ಧದಷ್ಟು ಹಗುರ, ಆಮ್ಲವಿಲ್ಲ, ಸಾಮಾನ್ಯ ಬಳಕೆಯಲ್ಲಿ ಜಲಜನಕವೂ ಬರುವುದಿಲ್ಲ. ಬೆಲೆ ಹೆಚ್ಚು; ಚಾರ್ಜರೂ ಅದಕ್ಕೆ ಹೊಂದುವಂಥದ್ದೇ ಬೇಕು. ಅವನ್ನು ಕೊಂಡವರಿಗೆ ತೂಕದ ಚಿಂತೆ ಕಡಿಮೆಯಾಗುತ್ತದೆ. ನೀರಿನ ಚಿಂತೆ ಇದ್ದಷ್ಟೇ ಇರುತ್ತದೆ.

ಹದಿಮೂರು ಬಕೆಟು

ಕೊನೆಗೆ ನಿರ್ಧಾರವಾದ ಜಾಗ ಇದು: ನಡುಗೆರೆಯ ಮೇಲೆ, ಬಲೆಯ ಜಾಗದ ಹಿಂದಿನ ಅಡ್ಡಹಲಗೆಯ ಬೆನ್ನಿಗೆ ಅಂಟಿಕೊಂಡು, ತಳದಿಂದ ಒಂದಡಿ ಎತ್ತರದ ಕಟ್ಟೆಯ ಮೇಲೆ, ರಂಧ್ರವಿರುವ ಮುಚ್ಚಿದ ಪೆಟ್ಟಿಗೆಯಲ್ಲಿ. ತಂತಿಗಳು ಕೆಳಗಿಳಿಯದೆ ದೋಣಿಯ ಅಂಚಿನ ಒಳಬದಿಯಲ್ಲಿ ಓಡಬೇಕು. ಪಂಪು ಮಾತ್ರ ಹಿಂಬದಿಯ ತಗ್ಗಿನಲ್ಲಿ, ನೀರು ಸೇರುವಲ್ಲಿಯೇ. ಪೆಟ್ರೋಲು ಎಂಜಿನ್ ಬಳಿ. ಎರಡರ ನಡುವೆ ಎರಡೂವರೆ ಮೀಟರ್ ಅಂತರ.

ಅಷ್ಟಕ್ಕೇ ಬಿಡಲು ನನ್ನ ಮೇಷ್ಟ್ರ ಬುದ್ಧಿ ಒಪ್ಪಲಿಲ್ಲ. ದೋಣಿ ಸಿದ್ಧವಾದ ಮೇಲೆ ಹೊಳೆಯ ತಣ್ಣನೆಯ ನೀರಿನಲ್ಲಿ ಪರೀಕ್ಷೆ ಮಾಡಿಸಿದೆ. ದೀಪ ಹಚ್ಚಿ, ಹದಿನೈದು ಲೀಟರಿನ ಬಕೆಟಿನಲ್ಲಿ ಹದಿಮೂರು ಬಕೆಟು ನೀರನ್ನು ದೋಣಿಯೊಳಗೆ ಸುರಿದು, ನಾಲ್ಕು ಜನರನ್ನು ಹಿಂಬದಿಯಲ್ಲಿ ನಿಲ್ಲಿಸಿದೆವು. ದಂಡೆಯ ಮೇಲೆ ನೋಡುತ್ತಿದ್ದವರು ನಮಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಅಳತೆಪಟ್ಟಿಯಲ್ಲಿ ಎಂಜಿನ್ ಬುಡದ ನೀರು 19 ಸೆಂಟಿಮೀಟರ್ ಬಂತು. ನನ್ನ ಲೆಕ್ಕಕ್ಕಿಂತ ಮೂರು ಹೆಚ್ಚು. ದೋಣಿ ಊಟದ ತಟ್ಟೆಯಲ್ಲವಲ್ಲ. ಅದರ ಹಿಂಬದಿ ಸ್ವಲ್ಪ ಕಿರಿದು. ಆದರೆ ಬ್ಯಾಟರಿಯ ಕಟ್ಟೆಯ ಬುಡ ಮಾತ್ರ ತುಸುವೇ ಒದ್ದೆಯಾಗಿತ್ತು. ದೀಪ ಉರಿಯುತ್ತಿತ್ತು. ಪಂಪಿನ ಗುಂಡಿ ಒತ್ತಿದೊಡನೆ ನೀರು ಹೊರಗೆ ಚಿಮ್ಮಿತು.

ನಿಮ್ಮಲ್ಲಿ ದೋಣಿ ಇರುವವರು ಒಂದು ಸಂಜೆ ಬಿಡುವು ಮಾಡಿಕೊಂಡು, ದಂಡೆಯ ಬಳಿ ಆಳವಿಲ್ಲದ ನೀರಿನಲ್ಲಿ ಈ ಪರೀಕ್ಷೆ ಮಾಡಿ ನೋಡಿ. ಬ್ಯಾಟರಿ ಎಲ್ಲಿರಬೇಕೆಂದು ಆ ನೀರೇ ಹೇಳುತ್ತದೆ.

ಮನೆಗೆ ಬಂದ ಮೇಲೆ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟನ್ನು ತೆಗೆದೆ. ಆ ಹುಡುಗನ ವರ್ಷದ್ದೂ ಸಿಕ್ಕಿತು. "ಸೀಸ ಸಂಚಯಕದ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ" ಎಂದು ನಾಲ್ಕು ಅಂಕಕ್ಕೆ ಕೇಳಿದ್ದೆ. ಅವನಿಗೆ ನಾಲ್ಕಕ್ಕೆ ನಾಲ್ಕೂ ಬಂದಿತ್ತಂತೆ. ಹೊಳೆಯ ದಂಡೆಯಲ್ಲಿ ಅವನೇ ನೆನಪಿಸಿದ್ದ. ಅಷ್ಟು ಅಂಕ ಪಡೆದವನು ಕತ್ತಲಲ್ಲಿ ನೀರಿನ ನಡುವೆ ನಿಂತು ಗುಂಡಿ ಒತ್ತುತ್ತಿದ್ದನಲ್ಲ ಎಂದು ಸಂಕಟವಾಯಿತು.

ಈ ವರ್ಷದ ಪರೀಕ್ಷೆಯಲ್ಲಿ ಚಿತ್ರಕ್ಕೆ ಎರಡು ಅಂಕ ಉಳಿಸಿ, ಇನ್ನೆರಡು ಅಂಕಕ್ಕೆ ಬೇರೆ ಪ್ರಶ್ನೆ ಕೇಳಿದ್ದೇನೆ: "ಎಂಟು ಮೀಟರಿನ ದೋಣಿಯಲ್ಲಿ ಇದನ್ನು ಎಲ್ಲಿ ಇಡುವಿರಿ? ಏಕೆ?"